ಮೂವತ್ತಾರು ಇಂಚಿನ ಎದೆಗಾರಿಕೆ

ನನ್ನ ಹೆಂಡತಿ ಹೆಣೆದಿಟ್ಟ ಸ್ವೆಟರನ್ನು ನಾನೇ ಮುಗಿಸಿ ಅವಳ ಕೈಗಿಡಬೇಕು, ಅವಳು ಮೂಗಿನ ಮೇಲೆ ಬೆರಳಿಟ್ಟುಕೊಂಡು ನಿಲ್ಲಬೇಕು! ಹೀಗೆಂದು ನಾನು ಪಣ ತೊಟ್ಟ ಬೆಳಿಗ್ಗೆ ಯಾರಾದರೂ ನನ್ನ ಕೈಕಾಲು ಕಟ್ಟಿ ಮೂಲೆಯಲ್ಲಿ ಕೂಡಿಸಿದ್ದರೆ ಈ ಬರಹವೂ ಇರುತ್ತಿರಲಿಲ್ಲ, ನನ್ನ ಮಾನವೂ ಉಳಿಯುತ್ತಿತ್ತು. ಆದರೆ ಕೆಟ್ಟದ್ದು ಮಾಡಲು ಹೊರಟವನನ್ನಾದರೂ ಜನ ತಡೆಯುತ್ತಾರೆ, ಹೆಂಡತಿಗೆ ಉಪಕಾರ ಮಾಡಲು ಹೊರಟವನನ್ನು ತಡೆಯುವವರು ಯಾರು?

ನಾನು ಟೈಲರ್. ಅಂತಿಂಥ ಟೈಲರ್ ಅಲ್ಲ. ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಅವನ ಎದೆ, ಸೊಂಟ, ತೋಳು ಎಲ್ಲವನ್ನೂ ಕಣ್ಣಲ್ಲೇ ಅಳೆದು ಮುಗಿಸಿರುತ್ತೇನೆ. ಆಮೇಲೆ ಟೇಪು ಹಿಡಿಯುವುದು ಬರೀ ಅವನ ಸಮಾಧಾನಕ್ಕೆ. ಟೇಪು ಕಂಡ ಕೂಡಲೇ ಗಂಡಸರೆಲ್ಲ ಹೊಟ್ಟೆಯನ್ನು ಒಳಗೆಳೆದುಕೊಂಡು ಸಿಪಾಯಿಗಳಾಗಿ ನಿಲ್ಲುವುದನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಉಸಿರು ಬಿಡಿ ಸ್ವಾಮಿ, ಪ್ಯಾಂಟು ಹೊಲಿಯಬೇಕಾದ್ದು ನಿಮಗೆ, ನಿಮ್ಮ ಆಸೆಗಲ್ಲ ಎಂದು ನಾನು ಹೇಳಿದರೆ ಅಂಗಡಿಯಲ್ಲಿ ಕೂತವರೆಲ್ಲ ನಗುತ್ತಾರೆ.

ಇನ್ನು ನನ್ನ ಸ್ವಂತ ಅಳತೆ. ಎದೆ ಮೂವತ್ತಾರು. ಇದು ನನ್ನ ಮದುವೆಯ ಕೋಟಿಗೆ ನಾನೇ ತೆಗೆದುಕೊಂಡ ಅಳತೆ. ಆಮೇಲೆ ಮತ್ತೆ ತೆಗೆದಿಲ್ಲ. ಗೊತ್ತಿರುವುದನ್ನು ಯಾಕೆ ಅಳೆಯಬೇಕು? ಅಂಗಿಯನ್ನು ಮಾತ್ರ ಸ್ವಲ್ಪ ಸಡಿಲವಾಗಿ ಹೊಲಿದುಕೊಳ್ಳುತ್ತೇನೆ, ಗಾಳಿಯಾಡಲಿ ಎಂದು. ವರ್ಷ ವರ್ಷಕ್ಕೂ ಗಾಳಿಗೆ ಒಂಚೂರು ಹೆಚ್ಚು ಜಾಗ ಬೇಕಾಗುತ್ತಿತ್ತು, ಅಷ್ಟೇ.

ಹೆಂಡತಿಯದು ಹೆಣಿಗೆಯ ಕೈ. ಕೈಹಿಡಿದು ಬಂದ ಲಾಗಾಯ್ತು ಅವಳು ಎರಡು ಕಡ್ಡಿ ಬಿಟ್ಟು ಕೂತದ್ದನ್ನು ನಾನು ಕಂಡಿಲ್ಲ. ಮಗಳಿಗೆ, ನನ್ನ ಅಪ್ಪನಿಗೆ, ಅವಳ ತಮ್ಮನಿಗೆ, ನಾದಿನಿಯ ಮಕ್ಕಳಿಗೆ, ಯಾರ ಮನೆಯಲ್ಲಿ ಕೂಸು ಅತ್ತರೂ ಇವಳ ಕೈಯಲ್ಲಿ ಕಡ್ಡಿ ಆಡುತ್ತಿತ್ತು. ನನಗೆ ಮಾತ್ರ ಒಂದನ್ನೂ ಹೆಣೆದಿರಲಿಲ್ಲ. ತಪ್ಪು ಅವಳದಲ್ಲ. ಹೆಣೆದ ಬಟ್ಟೆ ಎಂದರೆ ತೂತಿಗೆ ತೂತು ಜೋಡಿಸಿದ್ದು, ಅದನ್ನು ಹಾಕಿಕೊಂಡು ನಾನು ಅಂಗಡಿಯಲ್ಲಿ ಕೂತರೆ ಗಿರಾಕಿ ಏನೆಂದುಕೊಂಡಾನು ಎಂದು ಮದುವೆಯಾದ ಹೊಸದರಲ್ಲೇ ನಾನು ದೊಡ್ಡ ಮಾತಾಡಿದ್ದೆ. ಅವಳು ಆಗ ಏನೂ ಅನ್ನಲಿಲ್ಲ. ನನಗೆ ಹೆಣೆಯಲೂ ಇಲ್ಲ.

ಈಚೆಗೆ ಅವಳ ಬೆರಳಿನ ಗಂಟುಗಳು ಊದತೊಡಗಿದವು. ಹೆಣಿಗೆ ನಿಲ್ಲಿಸದಿದ್ದರೆ ಮುಂದೆ ತುತ್ತು ಎತ್ತುವುದೂ ಕಷ್ಟವಾದೀತೆಂದು ಡಾಕ್ಟರು ಖಡಾಖಂಡಿತ ಹೇಳಿ ಕಳಿಸಿದರು. ಮನೆಗೆ ಬಂದವಳೇ ಕಪಾಟಿನ ತಳದಿಂದ ಒಂದು ಚೀಲ ಎಳೆದಳು. ಅದರ ತುಂಬ ಉಣ್ಣೆಯ ಉಂಡೆಗಳು. ಎಲ್ಲರಿಗೂ ಹೆಣೆದು ಮಿಕ್ಕಿದವು.

"ಇದೊಂದು ಹೆಣೀತೀನಿ. ಇದು ನಿಮಗೆ. ಆಮೇಲೆ ಕಡ್ಡಿ ಮುಟ್ಟಲ್ಲ" ಎಂದಳು.

ನನಗೆ ಏನನ್ನಬೇಕೋ ತೋಚಲಿಲ್ಲ. ತೋಚದಿದ್ದಾಗ ನಾನು ಮಾಡುವ ಕೆಲಸವೆಂದರೆ ಮೇಲ್ವಿಚಾರಣೆ. ಅದನ್ನೇ ಮಾಡಿದೆ. ದಿನಾ ಸಂಜೆ ಅಂಗಡಿ ಮುಚ್ಚಿ ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದೆ. ಅವಳು ಎತ್ತಿ ತೋರಿಸುತ್ತಿದ್ದಳು. ಕಡುಗೆಂಪಿನ ಪಟ್ಟೆ, ಅದು ನನ್ನ ಅಪ್ಪನ ಮಫ್ಲರಿನಲ್ಲಿ ಉಳಿದದ್ದು. ಆಕಾಶನೀಲಿ ಅವಳ ತಮ್ಮನದು. ಗಿಳಿಹಸಿರು, ನೇರಳೆ, ಕಿತ್ತಳೆ ಯಾರು ಯಾರದೋ. ಇಷ್ಟೆಲ್ಲ ಬಣ್ಣ ಒಂದರ ಪಕ್ಕ ಒಂದು ಕೂತು ಜಗಳವಾಡದೇ ಇರುವುದು ನನಗೆ ಸೋಜಿಗವಾಗಿತ್ತು. ಬಟ್ಟೆಯ ವಿಷಯದಲ್ಲಿ ಬೂದು, ಕಂದು, ಕಪ್ಪು ಬಿಟ್ಟರೆ ನನಗೆ ಬೇರೆ ಬಣ್ಣದ ಧೈರ್ಯವಿಲ್ಲ.

ಬೆಳಿಗ್ಗೆ ಅಂಗಡಿಗೆ ಹೋದವನು ಪಕ್ಕದ ಕ್ಷೌರದಂಗಡಿಯವನಿಗೆ ವರದಿ ಒಪ್ಪಿಸುತ್ತಿದ್ದೆ. ಅವನನ್ನು ಬೀದಿಯವರೆಲ್ಲ ರೇಡಿಯೋ ಎಂದೇ ಕರೆಯುತ್ತಾರೆ, ಅವನ ಕಿವಿಗೆ ಬಿದ್ದದ್ದು ಮಧ್ಯಾಹ್ನದೊಳಗೆ ಬೀದಿಯ ಆ ತುದಿ ಮುಟ್ಟಿರುತ್ತದೆ. ಬೆನ್ನು ಮುಗಿಯಿತು, ಮುಂಭಾಗ ಎದೆಯವರೆಗೆ ಬಂತು, ಬಲತೋಳು ಮೊಣಕೈ ದಾಟಿತು ಎಂದು ಅವನು ಗಡ್ಡ ಹೆರೆಯುತ್ತಲೇ ಬಿತ್ತರಿಸುತ್ತಿದ್ದ. ಹಾಲಿನವನು ನನ್ನನ್ನು ಕಂಡರೆ ಆರೋಗ್ಯ ಕೇಳುವುದನ್ನು ಬಿಟ್ಟು ಎಡತೋಳು ವಿಚಾರಿಸತೊಡಗಿದ. ನನಗೋ ಒಳಗೊಳಗೇ ಜಂಬ. ಹೆಣೆಯುತ್ತಿದ್ದವಳು ಅವಳು, ಮೀಸೆ ತಿರುವುತ್ತಿದ್ದವನು ನಾನು.

ಕೊನೆಗೊಂದು ದಿನ ಬೆನ್ನು, ಮುಂಭಾಗ, ಎರಡು ತೋಳು, ಕತ್ತಿನ ಪಟ್ಟಿ ಎಲ್ಲವೂ ಬಿಡಿ ಬಿಡಿಯಾಗಿ ಮುಗಿದವು. ಜೋಡಿಸುವುದೊಂದೇ ಬಾಕಿ. ಅಷ್ಟರಲ್ಲಿ ಅವಳ ಬೆರಳುಗಳು ಹಠ ಹಿಡಿದವು. ನಾಲ್ಕು ದಿನ ಬಿಟ್ಟು ಜೋಡಿಸುತ್ತೇನೆಂದು ಎಲ್ಲವನ್ನೂ ಮಡಚಿ ಚೀಲದಲ್ಲಿಟ್ಟಳು. ಮರುದಿನ ಬೆಳಿಗ್ಗೆ ಸಕ್ಕರೆ ಡಬ್ಬಿಯನ್ನು ನನ್ನ ಮುಂದೆ ಹಿಡಿದು, ಮುಚ್ಚಳ ತೆಗೆದುಕೊಡಿ ಎಂದಳು. ಇಷ್ಟು ವರ್ಷ ಈ ಮನೆಯ ಯಾವ ಮುಚ್ಚಳಕ್ಕೂ ನನ್ನನ್ನು ಕರೆದವಳಲ್ಲ. ಮುಚ್ಚಳ ತೆಗೆದುಕೊಟ್ಟೆ.

ಆಗಲೇ ಪಣ ತೊಟ್ಟದ್ದು. ಜೋಡಿಸುವುದು ತಾನೇ? ತುಂಡಿಗೆ ತುಂಡು ಜೋಡಿಸಿಯೇ ಅಲ್ಲವೇ ನಾನು ಈ ಸಂಸಾರ ನಡೆಸಿದ್ದು! ಅವಳು ಬಟ್ಟೆ ಒಣಹಾಕಲು ಹಿಂದುಗಡೆ ಹೋದಾಗ ಚೀಲವನ್ನು ಕಂಕುಳಲ್ಲಿ ಇರುಕಿಕೊಂಡು ಕಳ್ಳಹೆಜ್ಜೆಯಲ್ಲಿ ಹೊರಬಿದ್ದೆ.

ಅಂಗಡಿಯ ಮೇಜಿನ ಮೇಲೆ ಮುಂಭಾಗವನ್ನು ಹರಡಿದೆ. ಹರಡಿದ ಕೂಡಲೇ ನನ್ನ ಕಣ್ಣು ಕಿರಿದಾಯಿತು. ಟೇಪು ಹಿಡಿದೆ. ಅಡ್ಡ ಇಪ್ಪತ್ತೆರಡು. ಬೆನ್ನಿಗೂ ಇಪ್ಪತ್ತೆರಡು. ಎರಡೂ ಸೇರಿ ನಲವತ್ತನಾಲ್ಕು! ಮೂವತ್ತಾರರ ಎದೆಗೆ ನಲವತ್ತನಾಲ್ಕರ ಸ್ವೆಟರೇ? ಅದರೊಳಗೆ ನಾನು ಮಾತ್ರವಲ್ಲ, ರೇಡಿಯೋನನ್ನೂ ಅವನ ಕುರ್ಚಿಯನ್ನೂ ಸೇರಿಸಬಹುದಿತ್ತು. ನನ್ನ ಅಂಗಡಿಯ ಬಾಗಿಲಲ್ಲಿ ಕೋಟು ಹಾಕಿ ನಿಲ್ಲಿಸುವ ಒಂದು ಬೊಂಬೆಯಿದೆ. ತಲೆಯಿಲ್ಲ, ಎದೆ ಸರಿಯಾಗಿ ಮೂವತ್ತಾರು. ನನಗೂ ಅದಕ್ಕೂ ವ್ಯತ್ಯಾಸ ತಲೆಯೊಂದೇ ಎಂದು ನಾನು ನಂಬಿದ್ದೆ. ತುಂಡುಗಳನ್ನು ಅದಕ್ಕೆ ಪಿನ್ನು ಹಚ್ಚಿ ನೋಡಿದೆ. ಜೋಲು ಜೋಲಾಗಿ ನೇತಾಡಿತು. ಇನ್ನು ಬೇರೆ ಸಾಕ್ಷಿ ಯಾಕೆ?

ಪಾಪ, ಅಳತೆ ತಪ್ಪಿದ್ದಾಳೆ ಎಂದುಕೊಂಡೆ. ವಯಸ್ಸಾಯಿತು, ಕಣ್ಣೂ ಮಂಜು, ಕೈಯೂ ನೋವು. ಇದನ್ನು ಅವಳಿಗೆ ಹೇಳಿ ನೋಯಿಸುವುದೇ? ಛೆ. ಅವಳ ತಪ್ಪನ್ನು ಅವಳಿಗೇ ಗೊತ್ತಾಗದಂತೆ ತಿದ್ದಿ, ತಿದ್ದಿದ್ದನ್ನು ಯಾರಿಗೂ ಹೇಳದೆ ಇರುವುದೇ ದೊಡ್ಡತನ. ಹೀಗೆಂದು ನನ್ನ ದೊಡ್ಡತನಕ್ಕೆ ನಾನೇ ತಲೆದೂಗಿ, ಎರಡೂ ಪಕ್ಕಗಳಲ್ಲಿ ಪಿನ್ನಿನ ಸಾಲು ಚುಚ್ಚಿ, ದೊಡ್ಡ ಕತ್ತರಿ ಎತ್ತಿಕೊಂಡೆ. ಒಳಗೆ ಮಡಚಿ ಹೊಲಿದಿದ್ದರೂ ಆಗುತ್ತಿತ್ತು. ಆದರೆ ಹೆಚ್ಚಿನ ಬಟ್ಟೆಯನ್ನು ಒಳಗೆ ಬಚ್ಚಿಡುವುದು ಕೆಲಸ ಕಲಿಯುವವರ ಚಾಳಿ, ನನ್ನಂಥವರದಲ್ಲ. ಕರ್ ಕರ್ ಎಂದು ನಾಲ್ಕು ಪಟ್ಟಿ ಕತ್ತರಿಸಿ ಮೇಜಿನ ಕೆಳಗಿನ ಚಿಂದಿ ಮೂಟೆಗೆ ಎಸೆದೆ.

ಎಸೆದು ಮೇಜಿನ ಕಡೆ ತಿರುಗುತ್ತೇನೆ, ಸ್ವೆಟರು ಅಲುಗುತ್ತಿದೆ!

ನೇಯ್ದ ಬಟ್ಟೆ ಕತ್ತರಿಸಿದ ಮೇಲೆ ಅಂಚು ತೆಪ್ಪಗೆ ಬಿದ್ದಿರುತ್ತದೆ. ನನಗೆ ಗೊತ್ತಿದ್ದದ್ದು ಆ ಜಾತಿಯ ಬಟ್ಟೆ. ಹೆಣೆದದ್ದು ಹಾಗಲ್ಲ. ಅಂಚಿನ ಒಂದು ಕುಣಿಕೆ ಬಾಯಿ ಬಿಟ್ಟಿತು, ಅದನ್ನು ನೋಡಿ ಪಕ್ಕದ್ದೂ ಬಿಟ್ಟಿತು, ನೋಡನೋಡುತ್ತ ಇಡೀ ಸಾಲೇ ಕಳಚಿಕೊಳ್ಳತೊಡಗಿತು. ಅಂಗೈ ಒತ್ತಿ ಹಿಡಿದೆ. ಆ ಕಡೆ ಹಿಡಿದರೆ ಈ ಕಡೆ ಓಡಿತು. ಎರಡೂ ಮೊಣಕೈ ಊರಿ, ಗಲ್ಲವನ್ನೂ ಒತ್ತಿ, ಅರ್ಧ ಮೇಜು ನಾನೇ ಆಗಿ ಮಲಗಿದೆ. ಅಂಗಿಗೆ ಗುಂಡಿ ಹಚ್ಚಿಸಲು ಬಂದ ಗಿರಾಕಿಯೊಬ್ಬ ಬಾಗಿಲಲ್ಲಿ ನಿಂತು ನೋಡಿ, ಮೈಗೆ ಹುಷಾರಿಲ್ಲವೇನೋ ಎಂದುಕೊಂಡು ಸದ್ದಿಲ್ಲದೆ ಹೊರಟುಹೋದ.

ಹೇಗೋ ಎಲ್ಲವನ್ನೂ ಬಾಚಿಕೊಂಡು ಹೊಲಿಗೆ ಮಿಷನ್ನಿನ ಕೆಳಗೆ ತುರುಕಿದೆ. ಮಿಷನ್ನು ಉಣ್ಣೆಯ ರುಚಿ ಕಂಡದ್ದು ಅದೇ ಮೊದಲು. ಗಬಗಬನೆ ನುಂಗಿತು. ನಾನು ಎಳೆದೆ, ಅದೂ ಎಳೆಯಿತು. ಅದು ಬಿಟ್ಟುಕೊಟ್ಟಾಗ ಅಂಚು ಹಪ್ಪಳದ ಹಾಗೆ ಅಲೆ ಅಲೆಯಾಗಿ ಎದ್ದು ನಿಂತಿತ್ತು. ಅದರ ಮೇಲೆ ಇನ್ನೊಂದು ಹೊಲಿಗೆ, ಅದರ ಮೇಲೆ ಮತ್ತೊಂದು. ಊಟದ ಹೊತ್ತಿಗೆ ಪಕ್ಕ ಕೂಡಿಸಿ, ತೋಳು ಹಚ್ಚಿ, ಕತ್ತಿನ ಪಟ್ಟಿ ಸೇರಿಸಿ ಮುಗಿಸಿದ್ದೆ. ಬೊಂಬೆಗೆ ತೊಡಿಸಿ ನೋಡಿದೆ. ಅಚ್ಚು ಹಾಕಿದ ಹಾಗೆ ಕೂತಿತು! ಹೋಗಿದ್ದ ಜೀವ ಬಂತು. ಅಂಚು ಹಾಳಾಗಲಿ, ಅಳತೆ ಕೂತಿತಲ್ಲ!

ವಾಸನೆ ಹಿಡಿದವನಂತೆ ರೇಡಿಯೋ ಆಗಲೇ ಒಳಗೆ ಬಂದ. ಸ್ವೆಟರಿನ ಸುತ್ತ ತಿರುಗಿ ನೋಡಿ, "ಬೊಂಬೆಗೆ ಚೆನ್ನಾಗಿ ಕಾಣ್ತಿದೆ ಅಣ್ಣ. ನೀವು ಒಂದ್ಸಲ ಹಾಕ್ಕೊಳ್ಳಿ ನೋಡೋಣ" ಎಂದ.

ಹಾಕಿಕೊಂಡೆ. ಅಂದರೆ, ಹಾಕಿಕೊಳ್ಳತೊಡಗಿದೆ. ಎರಡು ಕೈ ಮೇಲೆತ್ತಿ ತೋಳುಗಳಿಗೆ ತೂರಿಸಿದೆ. ತಲೆಯನ್ನೂ ತೂರಿಸಿದೆ. ಕೈಗಳು ಮೊಣಕೈವರೆಗೆ ಹೋಗಿ ನಿಂತವು. ತಲೆ ಕತ್ತಿನ ಪಟ್ಟಿಯ ತನಕವೂ ಬರದೆ ಕಡುಗೆಂಪಿನ ಕತ್ತಲಲ್ಲಿ ಉಳಿಯಿತು. ಭುಜದ ಕೆಳಗೆ ಸ್ವೆಟರು ಒಂದಿಂಚೂ ಇಳಿಯಲೊಲ್ಲದು. ಮೇಲಕ್ಕೂ ಬರಲೊಲ್ಲದು. ರೇಡಿಯೋ ಕೆಳಗೆ ಎಳೆದ. ಹೊಲಿಗೆ ಪಟಪಟ ಅಂದಿತು. ಮೇಲೆ ಎಳೆದ. ನನ್ನ ಕಿವಿ ಪಟಪಟ ಅಂದಿತು. ಕೈಯೆತ್ತಿ ಶರಣಾದ ಭಂಗಿಯಲ್ಲಿ, ಮುಖವಿಲ್ಲದೆ, ಹೊಟ್ಟೆಯನ್ನು ಮಾತ್ರ ಲೋಕಕ್ಕೆ ತೋರಿಸುತ್ತಾ ನನ್ನದೇ ಅಂಗಡಿಯ ನಟ್ಟ ನಡುವೆ ನಿಂತಿದ್ದೆ.

ನನ್ನ ಕತ್ತರಿ ತರಲಾ ಎಂದು ರೇಡಿಯೋ ಕೇಳಿದ. ಬೇಡವೆಂದು ಉಣ್ಣೆಯೊಳಗಿಂದ ಕೂಗಿದೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಆ ಸದ್ದನ್ನು ನಾನು ನಿದ್ದೆಯಲ್ಲೂ ಗುರುತಿಸಬಲ್ಲೆ. ಊಟದ ಡಬ್ಬಿಯನ್ನು ಮೇಜಿನ ಮೇಲಿಟ್ಟದ್ದು ಕೇಳಿಸಿತು. ರೇಡಿಯೋ ಬಂದ್ ಆಯಿತು.

"ರೀ, ಒಳಗಿರೋದು ನೀವೇನಾ?"

"ಹೂಂ ಕಣೇ."

"ಹೊರಗೆ ಬನ್ನಿ."

"ಬರೋಕಾಗ್ತಿಲ್ಲ."

ಬಗ್ಗಿ ಎಂದಳು. ಬಗ್ಗಿದೆ. ಅಂಚನ್ನು ಸುರುಳಿ ಸುತ್ತುತ್ತಾ, ಒಂದೊಂದು ತೋಳನ್ನೂ ಬಿಡಿಸಿಕೊಳ್ಳುತ್ತಾ, ಆ ಊದಿದ ಬೆರಳುಗಳಿಂದ ಎಷ್ಟು ಮೆಲ್ಲಗೆ ತೆಗೆದಳೆಂದರೆ ನನ್ನ ಒಂದು ಕೂದಲೂ ಕೊಂಕಲಿಲ್ಲ. ಬೈಯುತ್ತಾ ತೆಗೆದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ತೆಗೆದದ್ದನ್ನು ಮೇಜಿನ ಮೇಲೆ ಹರಡಿ, ಪಕ್ಕದ ಹೊಲಿಗೆಯ ಮೇಲೆ ಕೈಯಾಡಿಸಿದಳು. ನಾನು ಬಡಬಡನೆ ವಿವರಿಸತೊಡಗಿದೆ. ನೀನು ಅಳತೆ ತಪ್ಪಿದ್ದೆ, ನಿನಗೆ ಬೇಜಾರಾಗದಿರಲಿ ಅಂತ ಹೆಚ್ಚಿನದ್ದು ತೆಗೆದೆ, ನನ್ನದು ಮೂವತ್ತಾರು ಅಲ್ಲವೇ ಎಂದೆಲ್ಲ.

ಅವಳು ನನ್ನ ಕೊರಳಿಂದ ಟೇಪು ಎಳೆದುಕೊಂಡಳು. ನನ್ನ ಸುತ್ತ ಹಾಕಿದಳು. ನಾನು ನೆಟ್ಟಗೆ ನಿಂತೆ.

"ಉಸಿರು ಬಿಡಿ" ಎಂದಳು.

ದೇವರಾಣೆ, ಎಳೆದುಕೊಂಡದ್ದು ನನಗೆ ಗೊತ್ತೇ ಇರಲಿಲ್ಲ! ಬಿಟ್ಟೆ. ಟೇಪು ಅವಳ ಕೈಯಲ್ಲಿ ಸರಸರನೆ ಜಾರಿತು. ರೇಡಿಯೋ ಬಗ್ಗಿ ಓದಿ, ನಲವತ್ತೆರಡು ಎಂದು ಗಟ್ಟಿಯಾಗಿ ಘೋಷಿಸಿದ. ಅದು ಬೀದಿಯ ಆ ತುದಿಗೆ ಎಷ್ಟು ಹೊತ್ತಿಗೆ ತಲುಪೀತೆಂದು ಲೆಕ್ಕ ಹಾಕುತ್ತಾ, ನನ್ನ ಅಳತೆಯನ್ನೇ ತೆಗೆದುಕೊಳ್ಳದೆ ನಲವತ್ತೆರಡು ಅಂತ ನಿನಗೆ ಹೇಗೆ ಗೊತ್ತಾಯಿತು ಎಂದು ಅವಳನ್ನು ಕೇಳಿದೆ.

"ಭಾನುವಾರ ಮಧ್ಯಾಹ್ನ ಮಲಗಿದ್ರಲ್ಲ, ಆವಾಗ ದಾರ ಹಾಕಿ ಅಳೆದೆ. ಎಚ್ಚರ ಇದ್ದಾಗ ನಿಮ್ಮ ಅಳತೆ ಸಿಗಲ್ಲ. ಒಂದೆರಡು ಇಂಚು ಸಡಿಲ ಇರ್ಲಿ ಅಂತ ನಲವತ್ತನಾಲ್ಕು ಹಾಕಿದ್ದೆ."

ಇಲ್ಲಿಗೇ ಮುಗಿದಿದ್ದರೆ ನಾನು ಇಂಗು ತಿಂದ ಮಂಗನಾಗಿ ಸುಮ್ಮನಿರುತ್ತಿದ್ದೆ. ಆದರೆ ಅವಳು ಕತ್ತರಿಸಿದ್ದೆಲ್ಲಿ ಎಂದು ಕೇಳಿದಳು. ಮೇಜಿನ ಕೆಳಗೆ ಕೈ ತೋರಿಸಿದೆ. ಅವಳು ನೆಲದ ಮೇಲೆ ಕೂತು ಚಿಂದಿ ಮೂಟೆ ಬಿಚ್ಚಿದಳು. ಪಟ್ಟಿಗಳು ಅಷ್ಟರಲ್ಲಿ ಪಟ್ಟಿಗಳಾಗಿ ಉಳಿದಿರಲಿಲ್ಲ. ಪ್ಯಾಂಟಿನ ಚೂರುಗಳ ನಡುವೆ ಬೆರಳುದ್ದದ ಎಳೆಗಳು ಬಿದ್ದಿದ್ದವು. ಅವಳು ಬೇರೆ ಬಣ್ಣಗಳನ್ನೆಲ್ಲ ಸರಿಸಿ ಹಳದಿಯದನ್ನು ಮಾತ್ರ ಹೆಕ್ಕತೊಡಗಿದಳು.

ಆ ಹಳದಿಯನ್ನು ನಾನು ಗಮನಿಸಿಯೇ ಇರಲಿಲ್ಲ. ದಿನಾ ಸಂಜೆ ಎಲ್ಲಿಗೆ ಬಂತು ಎಂದು ಕೇಳಿದವನು ಎಷ್ಟು ಉದ್ದ ಬಂತೆಂದು ನೋಡಿದ್ದೆನೇ ಹೊರತು ಏನು ಬಂತೆಂದು ನೋಡಿರಲಿಲ್ಲ. ಮಗಳು ಹುಟ್ಟುವ ಮೊದಲು ಅವಳು ಹೆಣೆದ ಮೊದಲ ಸ್ವೆಟರಿನಲ್ಲಿ ಉಳಿದದ್ದಂತೆ. ಒಂದು ಪಟ್ಟೆಗೂ ಸಾಲುತ್ತಿರಲಿಲ್ಲವಂತೆ. ಅದಕ್ಕೇ ಎಡ ಪಕ್ಕದ ಅಂಚಿಗೆ, ಕಂಕುಳ ಕೆಳಗೆ, ಅಂಗೈಯಷ್ಟು ಜಾಗದಲ್ಲಿ ಅದನ್ನು ಕೂಡಿಸಿದ್ದಳಂತೆ. ನನ್ನ ಕತ್ತರಿ ಸರಿಯಾಗಿ ಅಲ್ಲಿಗೇ ಹೋಗಿತ್ತು. ಅವಳು ಎಳೆಗಳನ್ನು ಬೆರಳಿಗೆ ಸುತ್ತಿಕೊಳ್ಳಲು ನೋಡಿದಳು. ಒಂದು ಸುತ್ತಿಗೂ ಬರಲಿಲ್ಲ. ಸೆರಗಿನ ತುದಿಯಲ್ಲಿ ಕಟ್ಟಿಕೊಂಡು, ಅನ್ನ ಆರ್ತಿದೆ ಊಟ ಮಾಡಿ ಎಂದು ಹೇಳಿ ಮನೆಗೆ ಹೋದಳು. ನಾನು ಊಟ ಮಾಡಲಿಲ್ಲ. ರೇಡಿಯೋ ಕೂಡ ಆ ದಿನ ಈ ಸುದ್ದಿಯನ್ನು ಯಾರಿಗೂ ಹೇಳಲಿಲ್ಲ, ಅವನಿಗೆ ಅದು ಎಷ್ಟು ಕಷ್ಟವಾಯಿತೋ.

ಸಂಜೆ ಮನೆಗೆ ಹೋಗಿ ತಪ್ಪಾಯಿತು ಎಂದೆ. ಅವಳು ಹೂಂ ಅಂದಳು. ಹೊಸ ಉಣ್ಣೆ ತರುತ್ತೇನೆ ಎಂದೆ. ಹೆಣೆಯುವವರು ಯಾರು ಎಂದಳು. ಗಂಡಸು ಸಾಮಾನ್ಯವಾಗಿ ಇಂಥ ಕಡೆ ಸಿಟ್ಟು ಮಾಡಿಕೊಂಡು ಪಾರಾಗುತ್ತಾನೆ. ನನಗೆ ಸಿಟ್ಟೂ ಬರಲಿಲ್ಲ.

ಆಮೇಲಿನ ದಿನಗಳಲ್ಲಿ ಅಂಗಡಿಗೆ ಅರ್ಧ ಬಾಗಿಲು ಹಾಕಿ ನಾನು ಹಾಕಿದ ಮಿಷನ್ ಹೊಲಿಗೆಯನ್ನು ನಾನೇ ಬಿಚ್ಚಿದೆ. ಮೂರು ಪದರ ಹೊಲಿಗೆ! ಹೊಲಿದದ್ದು ಒಂದು ಗಳಿಗೆ, ಬಿಚ್ಚಿದ್ದಕ್ಕೆ ಕೊನೆಯಿಲ್ಲ. ಕಳಚಿದ ಕುಣಿಕೆಗಳನ್ನು ಅವಳು ಕೊಕ್ಕೆ ಕಡ್ಡಿಯಿಂದ ಒಂದೊಂದಾಗಿ ಮೇಲೆತ್ತಿ ಭದ್ರ ಮಾಡಿದಳು. ನಡುನಡುವೆ ಕೈ ನಿಲ್ಲಿಸಿ ಬೆರಳು ಒತ್ತಿಕೊಳ್ಳುತ್ತಿದ್ದಳು. ಆಗೆಲ್ಲ ನಾನು ಬೇರೆ ಕಡೆ ನೋಡುತ್ತಿದ್ದೆ. ಕಡಿಮೆ ಬಿದ್ದ ಅಗಲಕ್ಕೆ ಎರಡೂ ಪಕ್ಕ ಪಟ್ಟಿ ಹಾಕದೆ ಗತಿಯಿರಲಿಲ್ಲ. ನನ್ನ ಅಂಗಡಿಯಲ್ಲಿ ಏನಿದೆ? ಸೂಟಿನ ಬೂದು ಬಟ್ಟೆ. ಅದನ್ನೇ ಕತ್ತರಿಸಿ, ಮಿಷನ್ನಿಗೆ ಕೊಡದೆ, ಕೈಹೊಲಿಗೆಯಲ್ಲಿ ಹಚ್ಚಿದೆ. ಇಷ್ಟು ವರ್ಷದ ಕಸುಬಿನಲ್ಲಿ ಅಷ್ಟು ಸಣ್ಣ ಹೊಲಿಗೆಯನ್ನು ನಾನು ಯಾರಿಗೂ ಹಾಕಿಲ್ಲ. ಅಷ್ಟು ತಡವಾಗಿ ಕೂಡ.

ಚಳಿ ಶುರುವಾಯಿತು. ಹಾಕಿಕೊಂಡು ಅಂಗಡಿಗೆ ಹೋದೆ. ಪಟ್ಟಿ ಕಾಣದಿರಲೆಂದು ಎರಡೂ ಮೊಣಕೈಗಳನ್ನು ಪಕ್ಕೆಗೆ ಅಂಟಿಸಿಕೊಂಡೇ ಕೂತೆ. ಆದರೆ ಟೈಲರನಾದವನು ಕೈ ಎತ್ತದೆ ಗಿರಾಕಿಯ ಭುಜ ಅಳೆಯುವುದು ಹೇಗೆ? ಎತ್ತಿದೆ. ಮೊದಲ ಗಿರಾಕಿಯೇ ಕಣ್ಣರಳಿಸಿ, ಪಕ್ಕಕ್ಕೆ ಈ ಬೂದು ಪಟ್ಟಿ ಎಷ್ಟು ಚೆನ್ನಾಗಿದೆ ಎಂದ. ಎರಡನೆಯವನು ಮುಟ್ಟಿಯೇ ನೋಡಿದ. ವಾರ ತುಂಬುವುದರೊಳಗೆ ಇಬ್ಬರು ಒಳ್ಳೊಳ್ಳೆಯ ಸ್ವೆಟರು ತಂದು, ನಮ್ಮದಕ್ಕೂ ಪಕ್ಕ ಕತ್ತರಿಸಿ ಹೀಗೇ ಹಾಕಿಕೊಡಿ ಎಂದು ದುಂಬಾಲು ಬಿದ್ದರು. ಆಗುವುದಿಲ್ಲವೆಂದು ಕೈಮುಗಿದು ಕಳಿಸಿದೆ. ಒಬ್ಬರಾದರೂ ಆ ಬಣ್ಣಗಳನ್ನು ನೋಡಲಿಲ್ಲ. ಒಬ್ಬರಾದರೂ ಇದನ್ನು ಹೆಣೆದವರು ಯಾರು ಎಂದು ಕೇಳಲಿಲ್ಲ. ಹೊಗಳಿಕೆಯೆಲ್ಲ ನನ್ನ ತೇಪೆಗೆ! ನಿಜ ಹೇಳಬೇಕೆಂದು ಪ್ರತಿ ಸಲವೂ ಬಾಯಿ ತೆರೆಯುತ್ತಿದ್ದೆ, ಅಷ್ಟರಲ್ಲಿ ನಾಚಿಕೆ ಬಂದು ಬಾಯಿ ಮುಚ್ಚುತ್ತಿದ್ದೆ.

ಒಂದು ಮಧ್ಯಾಹ್ನ ಪಕ್ಕದ ಬೀದಿಯ ಶಾಲೆಯ ಹೆಡ್‌ಮಿಸ್ಟ್ರೆಸ್ ಬಂದರು. ಯೂನಿಫಾರಂ ಮಾತಾಡಲು ಬಂದವರು ಮಾತು ಅರ್ಧಕ್ಕೆ ಬಿಟ್ಟು ನನ್ನ ಪಕ್ಕೆಯನ್ನೇ ನೋಡತೊಡಗಿದರು. ಕೈ ಎತ್ತಿ ಎಂದು ಎತ್ತಿಸಿದರು. ಇಷ್ಟು ಬಣ್ಣವಿದ್ದೂ ಕಣ್ಣಿಗೆ ಹೊಡೆಯದ ಹಾಗೆ ಎರಡೂ ಕಡೆ ತಡೆದು ನಿಲ್ಲಿಸಿದ್ದೀರಿ, ಇದಕ್ಕೆಲ್ಲ ತಲೆ ಬೇಕು ಎಂದು ಅಂಗಡಿಯಲ್ಲಿ ಕೂತ ನಾಲ್ಕು ಜನರ ಮುಂದೆ ಹೊಗಳಿದರು. ಊಟದ ಡಬ್ಬಿ ತಂದಿದ್ದ ನನ್ನ ಹೆಂಡತಿ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಳು. ಅವಳ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಕಡ್ಡಿಯಿಲ್ಲ, ಉಂಡೆಯಿಲ್ಲ. ಆ ಕೈಗಳನ್ನು ನೋಡಿದ ಮೇಲೆ ನನಗೆ ತಡೆಯಲಾಗಲಿಲ್ಲ. ಇವತ್ತು ಹೇಳಿಯೇ ಬಿಡುತ್ತೇನೆ ಎಂದು ಗಂಟಲು ಸರಿಮಾಡಿಕೊಂಡೆ. ಈ ಪಟ್ಟಿ ಯಾಕೆ ಬಂತು ಅಂದ್ರೆ ಮೇಡಂ ಎಂದು ಶುರುವನ್ನೂ ಮಾಡಿದೆ. ಅಲ್ಲಿಗೇ ನಿಲ್ಲಿಸಿ ಕೊರಳ ಟೇಪನ್ನು ಬೆರಳಿಗೆ ಸುತ್ತತೊಡಗಿದೆ.

ಹೆಡ್‌ಮಿಸ್ಟ್ರೆಸ್ ಕಾದರು. ರೇಡಿಯೋ ಬಾಗಿಲಲ್ಲಿ ಕಿವಿ ಆನಿಸಿ ನಿಂತಿದ್ದ. ಅಂಗಡಿಯಲ್ಲಿ ಕೂತವರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಕೊನೆಗೆ ಮೂಲೆಯಿಂದ ನನ್ನ ಹೆಂಡತಿ ತಣ್ಣಗೆ ಹೇಳಿದಳು:

"ನಾನು ಒಂದು ಇಡೀ ಸ್ವೆಟರ್ ಹೆಣೆದು ಕೊಟ್ಟಿದ್ದೆ ಮೇಡಂ. ಅವರಿಗೆ ಸಾಲಲಿಲ್ಲ."